ವಿಶ್ವೇಶ್ವರಯ್ಯನವರ ವಿಜ್ಞಾನ ಊರೂರಿಗೆ ಎಷ್ಟು ತಲುಪಿತು?

(ಆನ್‌ಲೈನ್ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹಳೇಸಂಚಿಕೆ

ಪ್ರತಿ ಸೆಪ್ಟೆಂಬರ್ 15ಕ್ಕೆ, ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ದಿನ, ಕನ್ನಂಬಾಡಿ ಕಟ್ಟೆಯ ಫೋಟೋಗಳು ಎಲ್ಲ ಗುಂಪುಗಳಲ್ಲೂ ಹರಿದಾಡುತ್ತವೆ. ಅದು ಆಗಬೇಕಾದ್ದೇ. ನನಗೆ ಮಾತಾಡಬೇಕಿರುವುದು ಅವರ ಇನ್ನೊಂದು ಕೆಲಸದ ಬಗ್ಗೆ. ತಾವು ಕಲಿತ ವಿಜ್ಞಾನ ಮೈಸೂರು ಸೀಮೆಯ ಸಾಮಾನ್ಯ ಜನರ ಕೈಗೂ ಸಿಗಬೇಕು ಅಂತ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಏನೇನು ಮಾಡಿದರು, ಅದರಲ್ಲಿ ಎಷ್ಟು ನಿಜವಾಗಿ ಕನ್ನಡಕ್ಕೆ ಇಳಿಯಿತು?

ದಿವಾನಗಿರಿ 1912ರ ಕೊನೆಯಿಂದ 1918ರ ಕೊನೆಯವರೆಗೆ, ಆರು ವರ್ಷ. ಅದಕ್ಕೂ ಮುಂಚೆ, ಅವರು ಮುಖ್ಯ ಇಂಜಿನಿಯರ್ ಆಗಿದ್ದಾಗಲೇ, 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜ (ಮೈಸೂರು ಎಕನಾಮಿಕ್ ಕಾನ್ಫರೆನ್ಸ್) ಶುರುವಾಗಿತ್ತು. ಬೇಸಾಯಕ್ಕೊಂದು, ಶಿಕ್ಷಣಕ್ಕೊಂದು, ಕೈಗಾರಿಕೆ ಮತ್ತು ವ್ಯಾಪಾರಕ್ಕೊಂದು ಸಮಿತಿ. ಆಮೇಲೆ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1915ರ ಮೇ ತಿಂಗಳಲ್ಲಿ ಸಾಹಿತ್ಯ ಪರಿಷತ್ತು, 1916ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಸಾರ್ವಜನಿಕ ಗ್ರಂಥಾಲಯವೂ ಆ ಕಾಲದ್ದೇ.

1918ರಲ್ಲಿ ‘ವಿಜ್ಞಾನ’ ಅನ್ನುವ ಮಾಸಪತ್ರಿಕೆ ಬೆಂಗಳೂರಿನಿಂದ ಹೊರಟಿತು. ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪ್ರಕಟಣೆ. ಸಂಪಾದಕರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್. ಎರಡು ವರ್ಷ ನಡೆದು ನಿಂತಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಿವಾನರು ಕಟ್ಟಿದ ಸಂಸ್ಥೆಗಳು, ಬೆಳ್ಳಾವೆಯಂಥ ಮೇಷ್ಟ್ರುಗಳು ಬರೆದ ಪುಟಗಳು, ಇವೆರಡನ್ನೂ ಒಂದೇ ಕಥೆಯ ಎರಡು ಭಾಗ ಅಂತ ಓದಬೇಕು. ಒಂದನ್ನು ಇಂಜಿನಿಯರುಗಳು, ಇನ್ನೊಂದನ್ನು ಸಾಹಿತ್ಯದವರು ಹಂಚಿಕೊಂಡುಬಿಟ್ಟಿದ್ದೇವೆ. ನಿಮಗೆಲ್ಲ ಏನನ್ನಿಸುತ್ತೆ?

ಸುರ್ಕಿಗಾರೆ

ನಾನು ನೀರಾವರಿ ಕೆಲಸದಲ್ಲಿದ್ದು ನಿವೃತ್ತನಾದವನು. ಅವರ ವಿಜ್ಞಾನ ಎಂಥದ್ದು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು. ಅದು ತಿಳಿಯದೆ ಪ್ರಚಾರದ ಮಾತು ಅರ್ಥವಾಗುವುದಿಲ್ಲ.

ಪುಣೆಯ ಹತ್ತಿರ ಖಡಕ್‌ವಾಸ್ಲಾ ಜಲಾಶಯ. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿ ಬಿದ್ದು ಹೋಗಿಬಿಡುತ್ತಿತ್ತು, ಬೇಸಿಗೆಗೆ ಕೊರತೆ. ಕೋಡಿಯ ಎತ್ತರ ಏರಿಸಿದರೆ ನೀರು ನಿಲ್ಲುತ್ತದೆ, ಆದರೆ ದೊಡ್ಡ ಪ್ರವಾಹ ಬಂದರೆ ಹಳೆಯ ಅಣೆಕಟ್ಟೆ ಆ ಭಾರ ತಡೆಯಬೇಕಲ್ಲ. 1903ರಲ್ಲಿ ಅವರು ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಕೂರಿಸಿದರು. ಬಾಗಿಲಿಗೆ ಸರಿತೂಗುವ ಭಾರ ಕಟ್ಟಿದ ವ್ಯವಸ್ಥೆ ಅದು. ಕೆರೆಯ ನೀರು ಗೊತ್ತುಮಾಡಿದ ಮಟ್ಟ ದಾಟಿದರೆ ಆ ನೀರಿನಿಂದಲೇ ತೂಕದ ಸಮತೋಲ ತಪ್ಪಿ ಬಾಗಿಲು ತೆರೆಯುತ್ತದೆ, ಮಟ್ಟ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಯಾರೂ ಓಡಿಹೋಗಿ ಚಕ್ರ ತಿರುಗಿಸಬೇಕಾಗಿಲ್ಲ. ಅದಕ್ಕೆ ಪೇಟೆಂಟ್ ಸಿಕ್ಕಿತು. ಮುಂದೆ ಗ್ವಾಲಿಯರಿನ ತಿಗ್ರಾದಲ್ಲೂ ನಮ್ಮ ಕನ್ನಂಬಾಡಿಯಲ್ಲೂ ಅದೇ ತತ್ತ್ವದ ಬಾಗಿಲುಗಳು ಬಂದವು.

ಇದರಲ್ಲಿ ಹೊಸ ಭೌತಶಾಸ್ತ್ರ ಒಂದಿಷ್ಟೂ ಇಲ್ಲ. ತಕ್ಕಡಿ ಗೊತ್ತಿದ್ದವರಿಗೆಲ್ಲ ಗೊತ್ತಿದ್ದ ವಿಷಯ. ಗೊತ್ತಿದ್ದದ್ದನ್ನು ಅಳತೆ ಹಿಡಿದು, ಬೇಕಾದ ಜಾಗದಲ್ಲಿ, ಕೆಡದ ಹಾಗೆ ಕೂರಿಸುವುದು ಅವರ ಪ್ರತಿಭೆ. ಕನ್ನಂಬಾಡಿಯನ್ನೇ ನೋಡಿ: ಸಿಮೆಂಟು ಹೊರದೇಶದಿಂದ ತರಿಸಬೇಕಾಗಿದ್ದ ಕಾಲದಲ್ಲಿ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಅಷ್ಟು ದೊಡ್ಡ ಕಟ್ಟೆ ಎದ್ದಿತು. ನಮ್ಮ ಗಾರೆ ಕೆಲಸದವರಿಗೆ ತಲೆಮಾರುಗಳಿಂದ ಕೈಗೆ ಹತ್ತಿದ್ದ ವಿದ್ಯೆ ಅದು. ಅದನ್ನು ಅವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು.

1923ರಲ್ಲಿ ಲಖನೌದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಕೂತವರು ಅವರು. ಪ್ರಯೋಗಶಾಲೆಯ ವಿಜ್ಞಾನಿ ಅಲ್ಲದ ಒಬ್ಬರನ್ನು ವಿಜ್ಞಾನಿಗಳ ಸಭೆ ಆ ಕುರ್ಚಿಯಲ್ಲಿ ಕೂರಿಸಿತು ಅನ್ನುವುದನ್ನು ಗಮನಿಸಿ.

ಒಳಪುಟ

ಗಾರೆ ಸರ್ ಬರೆದದ್ದು ಚೆನ್ನಾಗಿದೆ, ಆದರೆ ಮೂಲ ಪ್ರಶ್ನೆ ಹಾಗೇ ಉಳಿಯಿತು. ವಿಶ್ವೇಶ್ವರಯ್ಯನವರು ಜ್ಞಾನವನ್ನು ಜನಕ್ಕೆ ಹಂಚಿದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರ ಭಾಷಣ, ವರದಿ, ಪುಸ್ತಕ ಎಲ್ಲ ಇಂಗ್ಲಿಷಿನಲ್ಲಿ. 1951ರಲ್ಲಿ ಬಂದ ನೆನಪುಗಳ ಪುಸ್ತಕವೂ ಇಂಗ್ಲಿಷೇ. ಅವರು ಸ್ಥಾಪಿಸಿದ ವಿಶ್ವವಿದ್ಯಾನಿಲಯದಲ್ಲಿ ಪಾಠ ನಡೆದದ್ದೂ ಇಂಗ್ಲಿಷಿನಲ್ಲಿ. 1911ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಆರರ ಆಸುಪಾಸು. ಅದರಲ್ಲಿ ಇಂಗ್ಲಿಷ್ ಬಲ್ಲವರು ಎಷ್ಟಿದ್ದಾರು?

ಬೆಳ್ಳಾವೆಯವರು ಮಾಡಿದ ಕೆಲಸದ ಕಷ್ಟ ಬೇರೆಯೇ. ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತು, ಇಂಗ್ಲಿಷಿನಲ್ಲಿ ಪಾಠ ಹೇಳಿ, ಮನೆಗೆ ಬಂದು ಅದನ್ನೇ ಕನ್ನಡದಲ್ಲಿ ಯೋಚಿಸಬೇಕು. ಮೊದಲು ಬರೆದವರ ಮಾದರಿ ಇಲ್ಲ. ಓದುಗ ಯಾರು ಅನ್ನುವುದೂ ಖಚಿತವಿಲ್ಲ. ಇದೇ ಮನುಷ್ಯ ಪಂಪಭಾರತ ಸಂಪಾದಿಸಿದವರು, ಪರಿಷತ್ತಿಗೆ ದುಡಿದವರು, 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಹಳಗನ್ನಡದ ವಾಕ್ಯದ ಹಿಡಿತ ಇದ್ದದ್ದರಿಂದಲೇ ಹೊಸ ವಿಷಯಕ್ಕೆ ವಾಕ್ಯ ಕಟ್ಟಲು ಅವರಿಗೆ ಸಾಧ್ಯವಾಯಿತು ಅಂತ ನನ್ನ ನಂಬಿಕೆ. ಪತ್ರಿಕೆ ನಿಂತ ಮೇಲೂ ಅವರು ಬಿಡಲಿಲ್ಲ. ವಿಜ್ಞಾನದ ಬರವಣಿಗೆ ಮುಂದುವರಿಸಿಕೊಂಡೇ ಇದ್ದರು.

ದಿವಾನರ ಆರು ವರ್ಷದ ಹೆಸರಿನಲ್ಲಿ ಈ ದುಡಿಮೆಯನ್ನೂ ಸೇರಿಸಿಬಿಟ್ಟರೆ, ಬರೆದವರ ಕೂಲಿ ಕಸಿದ ಹಾಗಾಗುತ್ತದೆ.

ಹಳೇಸಂಚಿಕೆ

ಒಳಪುಟ ಮೇಡಂ, ಕೂಲಿ ಕಸಿಯುವ ಉದ್ದೇಶ ಖಂಡಿತ ಇಲ್ಲ. ಆದರೆ ಪರಿಷತ್ತಿನ ಬೀಜ ಬಿದ್ದದ್ದು ಸಂಪದಭ್ಯುದಯ ಸಮಾಜದಲ್ಲೇ. ಬೇಸಾಯ, ಕೈಗಾರಿಕೆ ಚರ್ಚಿಸಲು ಸೇರಿದ ಸಭೆ, ಭಾಷೆ ಬೆಳೆಯದೆ ಇವು ಬೆಳೆಯುವುದಿಲ್ಲ ಅನ್ನುವ ತೀರ್ಮಾನಕ್ಕೆ ಬಂತು. ಪರಿಷತ್ತಿನ ಮೊದಲ ಅಧ್ಯಕ್ಷರೂ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಒಬ್ಬರೇ, ಎಚ್.ವಿ. ನಂಜುಂಡಯ್ಯನವರು. ಶಾಸ್ತ್ರವಿಷಯಗಳಿಗೆ ಕನ್ನಡದಲ್ಲಿ ಪಾರಿಭಾಷಿಕ ಪದಗಳನ್ನು ಸಿದ್ಧಪಡಿಸುವುದು ಪರಿಷತ್ತಿನ ಮೊದಲ ಗುರಿಗಳಲ್ಲೇ ಇತ್ತು. ದಿವಾನರು ಕನ್ನಡದಲ್ಲಿ ಬರೆಯಲಿಲ್ಲ ನಿಜ. ಕನ್ನಡದಲ್ಲಿ ಬರೆಯುವವರಿಗೆ ಒಂದು ಮನೆ ಬೇಕು ಅಂತ ಒಪ್ಪಿದ ಸರ್ಕಾರ ಅದು.

ಅಡಕೆತೋಟ

ನೀವೆಲ್ಲ ಪತ್ರಿಕೆ, ಪುಸ್ತಕ, ಕಾಲೇಜು ಅಂತಲೇ ಮಾತಾಡ್ತಾ ಇದ್ದೀರಿ. ನಮ್ಮ ತೀರ್ಥಹಳ್ಳಿ ಕಡೆ ವಿಜ್ಞಾನ ಬಂದಿದ್ದು ಗಟಾರ್ ಪಂಪಿನ ಮೂಲಕ ಮಾರಾಯ್ರೆ, ಅಂದ್ರೆ ಅಡಕೆಗೆ ಔಷಧಿ ಹೊಡೆಯೋ ಪಂಪು. ಸ್ವಲ್ಪ ಉದ್ದ ಆಗ್ತದೆ, ಓದಿ.

ಅಡಕೆಗೆ ಕೊಳೆರೋಗ ಅಂತ ಬರ್ತದೆ. ಮಳೆಗಾಲದಲ್ಲಿ ಗೊನೆಗೆ ತಗುಲಿದರೆ ಎಳೆಕಾಯಿ ಕಪ್ಪಾಗಿ ಉದುರಿ ಮರದ ಬುಡದಲ್ಲಿ ರಾಶಿ ಬೀಳ್ತದೆ. ಹಿಂದಿನವರಿಗೆ ಇದ್ದಿದ್ದು ಒಂದೇ ಉಪಾಯ, ಕೊಟ್ಟೆ ಕಟ್ಟೋದು. ಮಳೆ ಹಿಡಿಯೋ ಮುಂಚೆ ಪ್ರತಿ ಮರ ಹತ್ತಿ, ಪ್ರತಿ ಗೊನೆಗೂ ಹುಲ್ಲಿನ ಕೊಟ್ಟೆ ತೊಡಿಸಿ, ನೀರು ಬೀಳದ ಹಾಗೆ ಮಾಡೋದು. ಎಷ್ಟು ಆಳು, ಎಷ್ಟು ದಿನ ಬೇಕು ಯೋಚನೆ ಮಾಡಿ. ಕಟ್ಟಿದ ಮೇಲೂ ರೋಗ ಬಂದ್ರೆ ಹಣೆಬರಹ.

ಕೆನಡಾದ ಲೆಸ್ಲಿ ಕೋಲ್ಮನ್ ಅನ್ನೋರು 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಅವರು ಮಲೆನಾಡಿನ ತೋಟಗಳಿಗೇ ಬಂದು ಈ ರೋಗ ಹಿಡಿದು ಕೂತರು. ಇದು ದೈವದ ಮುನಿಸಲ್ಲ, ಮಳೆಯ ದೋಷವೂ ಅಲ್ಲ, ಒಂದು ಸೂಕ್ಷ್ಮ ಶಿಲೀಂಧ್ರದ ಕೆಲಸ, ತೇವದಲ್ಲಿ ಅದು ಗೊನೆಯಿಂದ ಗೊನೆಗೆ ಹಬ್ಬುತ್ತದೆ ಅಂತ ತೋರಿಸಿದರು. ಮದ್ದು ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ. ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಹೊಡೀತಿದ್ದಿದ್ದು. ಇವತ್ತಿಗೂ ಲೆಕ್ಕ ಅದೇ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ತಾಮ್ರದ ಅಂಶ ಹೆಚ್ಚುಳಿದರೆ ಗೊನೆ ಸುಡ್ತದೆ. ಅದಕ್ಕೆ ಕಬ್ಬಿಣದ ಕತ್ತಿ ಅದ್ದಿ ನೋಡೋದು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ನನಗೆ ಇದನ್ನು ಕಲಿಸಿದ್ದು ನಮ್ಮ ಮನೆಯ ಕೊನೆಗಾರ, ಮರ ಹತ್ತಿ ಅಡಕೆ ಗೊನೆ ಕೊಯ್ಯುವವನು. ಶಾಲೆಗೆ ಹೋದವನಲ್ಲ. ನಾನು ಕಾಲೇಜಿನ ಲ್ಯಾಬಿನಲ್ಲಿ ಅದೇ ಪ್ರಯೋಗ ನೋಡುವ ಹೊತ್ತಿಗೆ ನನಗದು ಹಳೇ ವಿಷಯ.

ಕೋಲ್ಮನ್ 1913ರ ಹೊತ್ತಿಗೆ ಕೃಷಿ ಇಲಾಖೆಯ ಮುಖ್ಯಸ್ಥರಾದರು, ಅಂದರೆ ವಿಶ್ವೇಶ್ವರಯ್ಯನವರ ಕಾಲ. ಹೆಬ್ಬಾಳದಲ್ಲಿ ಪ್ರಾಯೋಗಿಕ ಕ್ಷೇತ್ರ, ಕೃಷಿ ಶಾಲೆ. ಇಲಾಖೆಯವರು ತೋಟಕ್ಕೇ ಬಂದು ಹೊಡೆದು ತೋರಿಸಿದರು. ಪಕ್ಕದ ತೋಟದಲ್ಲಿ ಕಾಯಿ ಉದುರಿ ಇಲ್ಲಿ ಉಳಿದಿದ್ದನ್ನು ಕಣ್ಣಾರೆ ನೋಡಿದ ಮೇಲೆ ಯಾವ ಭಾಷಣವೂ ಬೇಕಾಗಲಿಲ್ಲ. ಒಳಪುಟ ಮೇಡಂ ಕೇಳಿದ್ರಲ್ಲ, ನೂರಕ್ಕೆ ಆರು ಜನ ಓದು ಬಲ್ಲವರು ಅಂತ. ಉಳಿದ ತೊಂಬತ್ನಾಲ್ಕು ಜನಕ್ಕೆ ವಿಜ್ಞಾನ ತಲುಪಬೇಕಿದ್ದರೆ ಹೀಗೇ ತಲುಪಬೇಕಿತ್ತು. ಒಬ್ಬ ಕೆನಡಾದವರ ಶೋಧ ಕೊನೆಗಾರನ ಕತ್ತಿಯ ತುದಿಗೆ ಬಂದು ಕೂತಿದ್ದು ಜ್ಞಾನಪ್ರಸಾರ ಅಲ್ಲದಿದ್ದರೆ ಮತ್ತೇನು?

ಒಳಪುಟ

ಅಡಕೆತೋಟ ಅವರೇ, ಈ ಕತ್ತಿಯ ಪರೀಕ್ಷೆ ಓದಿ ತುಂಬಾ ಖುಷಿಯಾಯಿತು. ಒಪ್ಪುತ್ತೇನೆ, ಪುಸ್ತಕವೊಂದೇ ದಾರಿಯಲ್ಲ. ಆದರೂ ಒಂದು ಮಾತು. ಸುಣ್ಣ ಎಷ್ಟು ಹಾಕಬೇಕು ಅನ್ನುವುದು ಕೊನೆಗಾರನಿಗೆ ತಲುಪಿತು. ಶಿಲೀಂಧ್ರ ಅಂದರೇನು, ತಾಮ್ರ ಅದನ್ನು ಹೇಗೆ ತಡೆಯುತ್ತದೆ ಅನ್ನುವುದು ಅವನಿಗೆ ತಲುಪಿತೇ? ‘ಹೇಗೆ ಮಾಡಬೇಕು’ ತಲುಪಿ ‘ಯಾಕೆ’ ತಲುಪದಿದ್ದರೆ, ನಾಳೆ ಹೊಸ ರೋಗ ಬಂದಾಗ ಅವನು ಮತ್ತೆ ಯಾರಿಗೋ ಕಾಯಬೇಕು. ಆ ‘ಯಾಕೆ’ಯನ್ನು ಹೇಳಲು ಕನ್ನಡದ ಬರಹ ಬೇಕು.

ಮೊದಲಪೀಳಿಗೆ

ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ವಿಷಯ ಎತ್ತುತ್ತೇನೆ. ಕಹಿ ಅನ್ನಿಸಬಹುದು. ನನ್ನ ಮನೆಯಲ್ಲಿ ಓದು ಬರಹ ಕಲಿತವರಲ್ಲಿ ನಾನೇ ಮೊದಲು.

ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು ಯಾಕೆ? 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು, ಹಿಂದುಳಿದ ಜಾತಿಗಳ ಮುಖಂಡರು ಮಹಾರಾಜರ ಮುಂದೆ ತಮ್ಮ ಅಹವಾಲು ಇಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಯಲ್ಲಿ ಎಲ್ಲ ಸಮುದಾಯಗಳಿಗೂ ಪಾಲು ಸಿಗಬೇಕು ಅನ್ನುವುದು ಅದರ ಹಿಂದಿದ್ದ ಆಲೋಚನೆ. ಶಿಕ್ಷಣ ಹಬ್ಬಿಸಿದರೆ ಎಲ್ಲರೂ ಮೇಲೆ ಬರುತ್ತಾರೆ, ನೇಮಕಾತಿಯಲ್ಲಿ ಯೋಗ್ಯತೆಯ ಅಳತೆ ಸಡಿಲಿಸಬಾರದು ಅನ್ನುವುದು ದಿವಾನರ ನಿಲುವು. ಒಮ್ಮತವಾಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವರು ಹೊರಬಂದರು, ಮಿಲ್ಲರ್ ವರದಿ 1919ರಲ್ಲಿ ಬಂತು.

ಜ್ಞಾನ ಹರಡಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅನ್ನುವ ನಂಬಿಕೆ ಅವರದು. ನಾನು ಅವರ ಪ್ರಾಮಾಣಿಕತೆಯನ್ನು ಅನುಮಾನಿಸುವುದಿಲ್ಲ. ಆದರೆ ಕಾಲುವೆಯ ಮೊದಲಲ್ಲಿ ಇರುವವನ ಹೊಲಕ್ಕೆ ನೀರು ಮೊದಲು ಹೋಗುತ್ತದೆ, ತುದಿಯಲ್ಲಿ ಇರುವವನು ಕಾಯುತ್ತಾನೆ. ಇದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? 1913ರ ಕಡ್ಡಾಯ ಶಿಕ್ಷಣವೂ ಆಯ್ದ ಕೆಲವು ಕೇಂದ್ರಗಳಲ್ಲಷ್ಟೇ ಜಾರಿಗೆ ಬಂದದ್ದು. ನಮ್ಮಂಥವರ ಕೇರಿಗೆ ಶಾಲೆ ಬರಲು ಇನ್ನೂ ಎಷ್ಟು ದಶಕ ಬೇಕಾಯಿತು ಅನ್ನುವುದನ್ನು ಬಿಟ್ಟು ಜ್ಞಾನಪ್ರಸಾರದ ಇತಿಹಾಸ ಬರೆಯಬೇಡಿ.

ಸುರ್ಕಿಗಾರೆ

ಮೊದಲಪೀಳಿಗೆ ಅವರೇ, ನೀವು ಕಾಲುವೆಯ ಮಾತೆತ್ತಿದ್ದರಿಂದ ಹೇಳಲೇಬೇಕು. ಕಾಲುವೆಯ ತುದಿಯವನ ಕಷ್ಟಕ್ಕೆ ಅವರು ಉತ್ತರ ಹುಡುಕಿದ್ದರು. ಬಾಂಬೆ ಪ್ರಾಂತದ ದಖನ್ನಿನಲ್ಲಿ, ನೀರಾ ಕಾಲುವೆಯ ಕೆಳಗೆ, ಕಾಲುವೆಯ ಮೊದಲಲ್ಲಿದ್ದವರು ಕಬ್ಬಿಗೆ ಬೇಕಾಬಿಟ್ಟಿ ನೀರು ಹಾಯಿಸಿ ನೆಲ ಜೌಗಾಗುತ್ತಿತ್ತು, ಕೆಳಗಿನವರಿಗೆ ನೀರಿಲ್ಲ. ಅವರ ಬ್ಲಾಕ್ ಪದ್ಧತಿಯಲ್ಲಿ ಜಮೀನನ್ನು ಬ್ಲಾಕುಗಳಾಗಿ ಗುರುತಿಸಿ, ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಬೆಳೆ ಸರದಿ. ಅದೇ ನೀರು ಹೆಚ್ಚು ಹಳ್ಳಿಗೆ ಮುಟ್ಟಿತು. ರೈತರು ಮೊದಲು ವಿರೋಧಿಸಿದರು, ಆಮೇಲೆ ಒಪ್ಪಿದರು.

ಮೊದಲಪೀಳಿಗೆ

ಸರ್, ನೀವು ನನ್ನ ಮಾತನ್ನೇ ಗಟ್ಟಿ ಮಾಡಿದಿರಿ. ನೀರಿಗೆ ಅವರು ನಿಯಮ ಮಾಡಿದರು. ಮೊದಲಿನವರು ತಾವಾಗಿಯೇ ಬಿಟ್ಟುಕೊಡುತ್ತಾರೆ ಅಂತ ಕಾಯಲಿಲ್ಲ. ಇಂತಿಷ್ಟು ಪಾಲು ಅಂತ ಗೆರೆ ಎಳೆದರು. ವಿದ್ಯೆಗೂ ನೌಕರಿಗೂ ಅದೇ ಗೆರೆ ಎಳೆಯುವ ಹೊತ್ತು ಬಂದಾಗ ಒಪ್ಪಲಿಲ್ಲ. ಇದೇ ನನ್ನ ತಕರಾರು, ಇದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಸುರ್ಕಿಗಾರೆ

ಈ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ. ನಿಮ್ಮ ಮಾತಿಗೆ ತೂಕವಿದೆ. ಆದರೂ ಶಾಲೆಗಳ ಲೆಕ್ಕ ಮರೆಯಬಾರದು. ಅವರು ಬಂದಾಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆ, ಬಿಡುವ ಹೊತ್ತಿಗೆ 10,000 ದಾಟಿತ್ತು. ಆ ವೇಗ ಇಲ್ಲದಿದ್ದರೆ ನಿಮ್ಮ ಕೇರಿಗೆ ಶಾಲೆ ಬರುವುದು ಇನ್ನೂ ತಡವಾಗುತ್ತಿತ್ತು ಅನ್ನುವುದೂ ನಿಜವಲ್ಲವೇ?

ಮಂಡ್ಯಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳ್ತೀನಿ. ನಮ್ಮ ಊರಿಗೆ ನೀರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆದು. ಹುಲಿಕೆರೆ ಸುರಂಗ ದಾಟಿ ಬರೋ ನೀರು. ಆ ಸುರಂಗ ಗುಡ್ಡದೊಳಗೆ ಯಾಕೆ ಹೋಗುತ್ತೆ, ನೀರು ತಾನಾಗೇ ಇಳಿಜಾರು ಹುಡುಕೋ ಹಾಗೆ ಮಟ್ಟ ಹೇಗೆ ಹಿಡಿದ್ರು ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳೋಕೆ ಹೋದ್ರೆ ನನ್ನ ಹತ್ರ ಕನ್ನಡದಲ್ಲಿ ಒಂದು ಒಳ್ಳೆ ಚಿತ್ರ ಇಲ್ಲ ಕಣ್ರೀ. ಪಠ್ಯಪುಸ್ತಕದಲ್ಲಿ ವಿಶ್ವೇಶ್ವರಯ್ಯ ಅಂದ್ರೆ ಬೀದಿದೀಪದ ಕೆಳಗೆ ಓದಿದ ಹುಡುಗ, ಶಿಸ್ತಿನ ಮನುಷ್ಯ. ಅವರು ಕೂರಿಸಿದ ಬಾಗಿಲು ಹೇಗೆ ಕೆಲಸ ಮಾಡುತ್ತೆ ಅನ್ನೋದು ಇಲ್ಲ. ಇವತ್ತು ಗಾರೆ ಸರ್ ಬರೆದ ನಾಲ್ಕು ಸಾಲು ನಾಳೆ ನನ್ನ ಪಾಠಕ್ಕೆ ಹೋಗುತ್ತೆ.

ಒಳಪುಟ ಮೇಡಂ ಹೇಳಿದ ‘ಯಾಕೆ’ ಇದೇ. ನಮ್ಮ ಮಕ್ಕಳು ದಿನಾ ದಾಟೋ ನಾಲೆಯ ಭೌತಶಾಸ್ತ್ರ ಅವರಿಗೆ ಗೊತ್ತಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರ್ಕೊಂಡು ಹೋದಾಗ ಹಿಡಿಕೆ ತಿರುಗಿಸಿ ನೋಡೋ ಮಾದರಿಗಳ ಮುಂದೆ ನಿಂತ ಮಕ್ಕಳನ್ನ ಎಳ್ಕೊಂಡು ಬರೋದೇ ಕಷ್ಟ. ಅಂಥದ್ದು ಜಿಲ್ಲೆಗೊಂದು ಬೇಕು. ದಸರಾ ವಸ್ತುಪ್ರದರ್ಶನವನ್ನ ಹಿಂದಿನವರು ಶುರು ಮಾಡಿದ್ದೇ ಹೊಸ ಯಂತ್ರ, ಹೊಸ ಬೆಳೆ ಜನ ನೋಡ್ಲಿ ಅಂತ. ಈಗ ಅಲ್ಲಿಗೆ ಹೋದ್ರೆ ಬಟ್ಟೆ ಅಂಗಡಿ, ಜಾಯಿಂಟ್ ವ್ಹೀಲ್ ಮುಂದೆಯೇ ಹೆಚ್ಚು ಜನ. ಬೇಜಾರಾಗುತ್ತೆ.

ಇನ್ನೊಂದು ವಿಷಯ. ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಬಂದ ಕಥೆ ಮಕ್ಕಳಿಗೆ ತುಂಬಾ ಹಿಡಿಸುತ್ತೆ. ಮೊದಲ ಮಹಾಯುದ್ಧ ಬಂದು ಜರ್ಮನಿಗೆ ಹೋಗ್ತಿದ್ದ ಗಂಧದ ಮರ ಇಲ್ಲೇ ಉಳೀತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಎಣ್ಣೆ ಬಟ್ಟಿ ಇಳಿಸೋ ಪ್ರಯೋಗ ಮಾಡಿದ್ರು, 1916ರಲ್ಲಿ ಬೆಂಗಳೂರಲ್ಲಿ ಕಾರ್ಖಾನೆ, ಮರುವರ್ಷ ಮೈಸೂರಲ್ಲಿ. ಆಮೇಲೆ ಸೋಪು. ಬಟ್ಟಿ ಇಳಿಸುವಿಕೆ ಅನ್ನೋ ಪಾಠವನ್ನ ಮೈಸೂರ್ ಸ್ಯಾಂಡಲ್ ಸೋಪು ಕೈಯಲ್ಲಿ ಹಿಡ್ಕೊಂಡು ಹೇಳಿದ್ರೆ ಮರೆಯೋ ಮಗು ಇಲ್ಲ.

ಅಡಕೆತೋಟ

ಮೇಷ್ಟ್ರೇ, ಆ ಕತ್ತಿ ಪರೀಕ್ಷೆಯನ್ನೂ ಪಾಠಕ್ಕೆ ಸೇರಿಸಿ. ಮೈಲುತುತ್ತದ ನೀರು, ಒಂದು ಕಬ್ಬಿಣದ ಮೊಳೆ ಸಾಕು. ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ, ಅದು ವಿಷ. ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ, ತಗಡಿನದ್ದು ಬೇಡ.

ಒಳಪುಟ

ವಿಶ್ವವಿದ್ಯಾನಿಲಯದ ವಿಷಯದಲ್ಲಿ ನಾನು ಮೇಲೆ ಬರೆದದ್ದಕ್ಕೆ ಇನ್ನೊಂದಿಷ್ಟು ಸೇರಿಸುತ್ತೇನೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ, 1930ರ ದಶಕದಲ್ಲಿ ಅದೇ ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸ ಶುರುಮಾಡಿತು. ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುವುದು, ಆ ಮಾತನ್ನು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕುವುದು. ಗಿಡ, ರೋಗ, ನಕ್ಷತ್ರ, ಎಲ್ಲದರ ಮೇಲೂ. ಕಾಲೇಜಿನ ಕೋಣೆಯ ಇಂಗ್ಲಿಷನ್ನು ಅದೇ ಮೇಷ್ಟ್ರುಗಳು ಹಳ್ಳಿಯ ಚಾವಡಿಯಲ್ಲಿ ಕನ್ನಡ ಮಾಡಿದರು. ಹಾಗೆ ನೋಡಿದರೆ ಹಳೇಸಂಚಿಕೆಯವರ ‘ಒಂದೇ ಕಥೆಯ ಎರಡು ಭಾಗ’ ಅನ್ನುವ ಮಾತು 1918ಕ್ಕಿಂತ 1930ರ ದಶಕಕ್ಕೆ ಹೆಚ್ಚು ಒಪ್ಪುತ್ತದೆ. ಸಂಸ್ಥೆ ನಿಂತಿತ್ತು, ಅದರೊಳಗೆ ಕನ್ನಡ ಬಲ್ಲ ಒಂದು ತಲೆಮಾರು ತಯಾರಾಗಿತ್ತು. ‘ವಿಜ್ಞಾನ’ ಪತ್ರಿಕೆ ಒಂದು ತಲೆಮಾರು ಮುಂಚೆ ಬಂತು. ಅದಕ್ಕೇ ಎರಡೇ ವರ್ಷ ಬಾಳಿತು ಅಂತ ನನ್ನ ಊಹೆ.

ಮೊದಲಪೀಳಿಗೆ

ಗಾರೆ ಸರ್, ನಿಮ್ಮ ಶಾಲೆಗಳ ಲೆಕ್ಕ ನೋಡಿದೆ. ಆ ಶಾಲೆಗಳು ಇಲ್ಲದಿದ್ದರೆ ಇನ್ನೂ ತಡವಾಗುತ್ತಿತ್ತು, ನಿಜ. ಅದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಶಾಲೆಯ ಸಂಖ್ಯೆಯ ಪಕ್ಕದಲ್ಲಿ ಆ ಶಾಲೆಗೆ ಯಾರ ಮಕ್ಕಳು ಹೋದರು ಅನ್ನುವ ಕಾಲಮ್ಮೂ ಇರಬೇಕು. ಮಿಲ್ಲರ್ ಸಮಿತಿ ಕೇಳಿದ್ದೂ ಅದನ್ನೇ. ಈ ಎಳೆಯನ್ನು ಯಾರಾದರೂ ಬರಹವಾಗಿ ಒಟ್ಟುಗೂಡಿಸುವುದಾದರೆ ಬ್ಲಾಕ್ ಪದ್ಧತಿ ಮತ್ತು ಮಿಲ್ಲರ್ ವರದಿ ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಡಿ.

ಹಳೇಸಂಚಿಕೆ

ಒಂದೇ ಅಧ್ಯಾಯದಲ್ಲಿ ಇಡೋಣ, ನಾನು ಒಪ್ಪಿದೆ. ಒಳಪುಟ ಮೇಡಂ ಊಹೆಯನ್ನು ಪರೀಕ್ಷಿಸಬೇಕಾದರೆ ‘ವಿಜ್ಞಾನ’ದ ಎರಡೂ ವರ್ಷದ ಸಂಚಿಕೆಗಳ ಪರಿವಿಡಿ ಬೇಕು: ಯಾವ ವಿಷಯ, ಯಾರು ಬರೆದರು, ಓದುಗರ ಪ್ರಶ್ನೆಗಳೇನಾದರೂ ಇವೆಯೇ. ನಾನು ಟೈಪ್ ಮಾಡಲು ಶುರುಮಾಡುತ್ತೇನೆ. ಹಳೆಯ ಅಚ್ಚಿನ ಒತ್ತಕ್ಷರ ಓದಲು ಕಷ್ಟವಾದಲ್ಲಿ ಪುಟದ ಚಿತ್ರ ಇಲ್ಲಿ ಹಾಕುತ್ತೇನೆ, ಮೇಡಂ ನೋಡಿಕೊಡಿ. ಗಾರೆ ಸರ್, ಮೇಷ್ಟ್ರಿಗೆ ಆ ಬಾಗಿಲಿನ ಚಿತ್ರವೊಂದನ್ನು ಕನ್ನಡದ ಹೆಸರುಗಳೊಂದಿಗೆ ಬರೆದುಕೊಡಲು ಆಗುತ್ತದೆಯೇ?

ಸುರ್ಕಿಗಾರೆ

ಈ ವಾರದಲ್ಲೇ ಬರೆದು ಹಾಕುತ್ತೇನೆ. ಬಾಗಿಲು, ತೂಕ, ಬಾವಿ, ಸರಪಳಿ, ಎಲ್ಲಕ್ಕೂ ಕನ್ನಂಬಾಡಿಯ ಕೆಲಸಗಾರರು ಬಳಸುತ್ತಿದ್ದ ಹೆಸರುಗಳನ್ನೇ ಬರೆಯುತ್ತೇನೆ. ಮೇಷ್ಟ್ರೇ, ಮಕ್ಕಳು ಏನು ಕೇಳಿದರು ಅನ್ನುವುದನ್ನು ಮಾತ್ರ ಬಂದು ಇಲ್ಲಿ ಬರೆಯಬೇಕು.